ಆಮೆ ಬಿತ್ತಿದ ಎಬೊನಿ

ಅಳಿವಿನಂಚಿನ ಮರದ ಸಸಿಗಳನ್ನು ನರ್ಸರಿಯಲ್ಲಿ ಬೆಳೆಸಿ ನೆಡುವುದು, ನೆಟ್ಟದ್ದೆಷ್ಟು ಎಂದು ಲೆಕ್ಕ ಒಪ್ಪಿಸುವುದು ಸಂರಕ್ಷಣೆಯವರ ಹಳೆಯ ಚಾಳಿ. ಮರದ ಬೀಜ ಆಮೇಲೆ ಎಲ್ಲಿ ಬಿತ್ತು, ತಾನಾಗಿ ಮೊಳೆಯಿತೇ ಎಂದು ಕೇಳುವವರು ಕಡಿಮೆ. ಮಾರಿಷಸ್‌ನ ಮಾಹೆಬೂರ್ ದಡದಾಚೆಗಿನ ಪುಟ್ಟ ಮೀಸಲು ದ್ವೀಪ ಇಲ್ ಓ ಜೆಗ್ರೆಟ್‌ನಲ್ಲಿ ಆ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಿದರು.

ಅಲ್ಲಿಯ ಎಬೊನಿ ನಮ್ಮ ಬೀಡಿ ಎಲೆಯ ಮರದ ದಾಯಾದಿ. ದ್ವೀಪ 1965ರಲ್ಲೇ ಮೀಸಲು ತಾಣವಾದರೂ ಕೊಡಲಿ ನಿಂತದ್ದು 1980ರ ದಶಕದ ಆರಂಭದಲ್ಲಿ. ನಿಂತ ಮೇಲೂ ಬೋಳು ಜಾಗಗಳು ಬೋಳಾಗಿಯೇ ಉಳಿದವು. ಎಬೊನಿಯ ಹಣ್ಣು ದಪ್ಪ, ತೂಕದ್ದು. ತಾಯಿಮರದ ಬುಡಕ್ಕೇ ಬೀಳುತ್ತದೆ. ಅದನ್ನು ನುಂಗಿ ಬೀಜವನ್ನು ದೂರ ಒಯ್ಯಬಲ್ಲ ಸ್ಥಳೀಯ ದೈತ್ಯ ಆಮೆಗಳು ಎಂದೋ ನಿರ್ನಾಮವಾಗಿದ್ದವು.

2000ದಲ್ಲಿ ಮಾರಿಷಿಯನ್ ವೈಲ್ಡ್‌ಲೈಫ್ ಫೌಂಡೇಶನ್ ಅವುಗಳ ಜಾಗಕ್ಕೆ ಆಲ್ಡಬ್ರಾ ಆಮೆಗಳನ್ನು ತಂದಿತು. ದ್ವೀಪಕ್ಕೆ ಹೊರಗಿನ ಪ್ರಾಣಿ ಎಂದರೆ ಯಾರಿಗಾದರೂ ದಿಗಿಲೇ. ಇಲಿ, ಬೆಕ್ಕು ಮಾಡಿದ ಅನಾಹುತ ಗೊತ್ತಿದ್ದದ್ದೇ. ಆದರೆ ಇಲಿಗೂ ಆಮೆಗೂ ಒಂದು ದೊಡ್ಡ ವ್ಯತ್ಯಾಸ: ಕೆಲಸ ಕೆಟ್ಟರೆ ಆಮೆಯನ್ನು ಹಿಡಿದು ವಾಪಸ್ ಒಯ್ಯಬಹುದು. ಈ ಪ್ರಯೋಗದ ಜಾಣತನವೆಲ್ಲ ಅಲ್ಲಿದೆ ಎಂದು ನನಗನ್ನಿಸುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆಮೆಯ ಹೊಟ್ಟೆಯಿಂದ ಹೊರಬಂದ ಬೀಜ ಹೆಚ್ಚು ಚೆನ್ನಾಗಿ ಮೊಳೆತಿತ್ತು. ಕಡಿದ ಜಾಗಗಳಲ್ಲಿ ಸಸಿಗಳ ದಟ್ಟ ಗುಂಪುಗಳು ಕಂಡಿದ್ದವು.

ಇದನ್ನು ಗೆಲುವೆಂದು ಕರೆಯಲು ಮಾತ್ರ ನನಗೆ ಹಿಂಜರಿಕೆ. ಎಬೊನಿ ತೀರಾ ನಿಧಾನವಾಗಿ ಬೆಳೆಯುವ ಮರ. ಸಸಿಯ ಎಣಿಕೆ ಬೀಜ ಹರಡಿದ್ದಕ್ಕೆ ಸಾಕ್ಷಿಯೇ ಹೊರತು ಕಾಡು ಮರಳಿದ್ದಕ್ಕಲ್ಲ. ಅಲ್ಲದೆ ಆ ದ್ವೀಪದಲ್ಲಿ ಸುಬಾಬುಲ್ ಕೂಡ ಇದೆ. ನಮ್ಮಲ್ಲಿ ಒಂದು ಕಾಲಕ್ಕೆ ಮೇವು, ಸೌದೆಗೆಂದು ಹೊಗಳಿ ಹಂಚಿದ ಅದೇ ಗಿಡ. ಆಮೆಗೆ ಸ್ಥಳೀಯ, ಪರದೇಶಿ ಎಂಬ ಭೇದ ತಿಳಿಯದು. ಹಾಗಾಗಿ ಕಳೆ ಕೀಳುವ ಆಳುಗಳ ಕೈಗೆ ಬಿಡುವಿಲ್ಲ, ಮತ್ತು ಆ ಕೈಗೆ ಎರಡೆಲೆಯ ಎಬೊನಿ ಸಸಿಯ ಗುರುತು ಸಿಗಬೇಕು. ಆಮೆಯ ಫೋಟೊ ಎಲ್ಲೆಡೆ ಅಚ್ಚಾಗುತ್ತದೆ; ಸಂಬಳ ಕೊಟ್ಟು ವರ್ಷಗಟ್ಟಲೆ ಇರಿಸಿಕೊಳ್ಳಬೇಕಾದದ್ದು ಈ ಆಳುಗಳನ್ನು.