ಈ ಎಲುಬು ಯಾವ ಮಣ್ಣಿನದು?

ವಾರ್‌ಹ್ಯಾಮರ್‌ನಂಥ ಮೇಜಿನ ಮೇಲಿನ ಯುದ್ಧದಾಟಕ್ಕೆ ಹೊಸದಾಗಿ ಬಂದವರಿಗೆ ಹಳಬರು ತಪ್ಪದೆ ಹೇಳುವ ಮಾತೊಂದಿದೆ: ‘ಅಸ್ಥಿಪಂಜರಗಳ ಸೈನ್ಯ ತಗೊಳ್ಳಿ, ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ.’ ಮೂಳೆ ಬಣ್ಣದ ಸ್ಪ್ರೇ ಹೊಡೆಯಿರಿ, ಮೇಲೆ ಕಂದು ವಾಶ್ (ನೀರಾದ ಬಣ್ಣ) ಬಳಿಯಿರಿ, ಒಣಗಿದ ಮೇಲೆ ಡ್ರೈಬ್ರಷ್ ಮಾಡಿ (ಬಣ್ಣ ಒರೆಸಿದ ಒಣ ಬ್ರಷ್‌ನಿಂದ ಸವರಿ), ಮುಗಿಯಿತು. ಒಂದು ಭಾನುವಾರಕ್ಕೆ ಇಪ್ಪತ್ತು ಸೈನಿಕರು. ಈ ಸಲಹೆ ಎಷ್ಟು ಬೇರೂರಿದೆಯೆಂದರೆ, 2019ರಲ್ಲಿ ಗೇಮ್ಸ್ ವರ್ಕ್‌ಶಾಪ್ ಕಂಪನಿ ಒಂದೇ ಕೋಟಿನಲ್ಲಿ ನೆರಳು ಬೆಳಕು ಎರಡನ್ನೂ ಕೊಡುವ ಕಾಂಟ್ರಾಸ್ಟ್ ಬಣ್ಣಗಳನ್ನು ತಂದಾಗ, ಅದರಲ್ಲೊಂದು ಡಬ್ಬಿಗೆ ‘ಸ್ಕೆಲಿಟನ್ ಹೋರ್ಡ್’ ಎಂದೇ ಹೆಸರಿಟ್ಟಿತು. ಇಡೀ ದಂಡಿಗೆ ಒಂದು ಡಬ್ಬಿ.

ಆ ಬಣ್ಣದ ಮೇಲೆ ನನಗೆ ತಕರಾರಿಲ್ಲ. ಒಳ್ಳೆಯ ಬಣ್ಣ, ನನ್ನ ಹತ್ತಿರವೂ ಇದೆ. ನಾನು ಒಪ್ಪದಿರುವುದು ಸತ್ತವರೆಲ್ಲ ಒಂದೇ ಬಣ್ಣ ಎನ್ನುವ ನಂಬಿಕೆಯನ್ನು. ಬದುಕಿರುವ ಸೈನಿಕನಿಗೆ ಸಮವಸ್ತ್ರವಿದೆ. ಅವನ ಅಂಗಿಯ ಬಣ್ಣ ಪುಸ್ತಕದಲ್ಲಿ ಸಿಗುತ್ತದೆ. ಸತ್ತವನ ಬಣ್ಣವನ್ನು ತೀರ್ಮಾನಿಸುವುದು ಅವನು ಮಲಗಿದ್ದ ಮಣ್ಣು. ಆ ಮಣ್ಣು ಯಾವುದೆಂದು ಗೊತ್ತುಮಾಡಿಕೊಳ್ಳದೆ ಬ್ರಷ್ ಎತ್ತಿಕೊಂಡವರು ಅಸ್ಥಿಪಂಜರಕ್ಕೆ ಬಣ್ಣ ಹಚ್ಚುತ್ತಾರೆ, ಸೈನಿಕನನ್ನು ಮಾತ್ರ ಕಾಣುವುದೇ ಇಲ್ಲ.

ನಾನೂ ಮೊದಲು ಹಾಗೇ ಮಾಡಿದವನು. ಬೆಂಗಳೂರಿನ ಒಂದು ಜುಲೈನಲ್ಲಿ, ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ, ಮಹಡಿಯ ಮೇಲೆ ಇಪ್ಪತ್ತು ಮಿನಿಯೇಚರ್‌ಗಳಿಗೆ ಸ್ಪ್ರೇ ಪ್ರೈಮರ್ ಹೊಡೆದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಪ್ರೈಮರ್ ನುಣ್ಣಗೆ ಕೂರುವುದಿಲ್ಲ, ಮರಳು ಮರಳಾಗುತ್ತದೆ. ಎಲ್ಲವೂ ಕೆಟ್ಟವೆಂದು ಉಜ್ಜಿ ತೆಗೆಯಲು ಕೂತಾಗ ಒಂದನ್ನು ಬೆಳಕಿಗೆ ಹಿಡಿದು ನೋಡಿದೆ. ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಮೂಳೆ ಹೀಗೇ ಇರುತ್ತದೆ: ಬೆಳ್ಳಗೆ, ಒರಟಾಗಿ, ಪುಡಿಯೇಳುವಂತೆ. ಹಾಗಾದರೆ ಹೂತ ಮೂಳೆ ಹೇಗಿರುತ್ತದೆ ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು.

ಹೂತ ಮೂಳೆ ಸುತ್ತಲಿನ ಮಣ್ಣಿನ ಬಣ್ಣವನ್ನು ಕುಡಿಯುತ್ತದೆ. ಕಬ್ಬಿಣದಂಶದ ಮಣ್ಣಿನಲ್ಲಿ ಕೆಂಗಂದು, ಮ್ಯಾಂಗನೀಸ್ ಇದ್ದಲ್ಲಿ ಕಪ್ಪು ಚುಕ್ಕೆ. ಸುಟ್ಟರೆ ಮೊದಲು ಇದ್ದಿಲ ಕಪ್ಪು, ಶಾಖ ಏರಿದಂತೆ ನೀಲಿಗೂಡಿದ ಬೂದು, ಸುಮಾರು 800 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಸುಣ್ಣದಂಥ ಬಿಳಿ. ಕಂಚಿನ ಒಡವೆ ತಾಗಿಕೊಂಡಿದ್ದ ಕಡೆ ಹಸಿರು. ಒಡವೆ ಕರಗಿಹೋದರೂ ಕಲೆ ಉಳಿಯುವುದರಿಂದ ಅದು ಎಲ್ಲಿತ್ತೆಂದು ಉತ್ಖನನದವರು ಹೇಳಬಲ್ಲರು. ಡಬ್ಬಿಯ ‘ಮೂಳೆ ಬಣ್ಣ’ ಇಷ್ಟರಲ್ಲಿ ಯಾವುದು?

ಜೋಂಬಿಗಳ ಸ್ಥಿತಿ ಇನ್ನೂ ಬೇಸರದ್ದು. ಹಸಿರು ಚರ್ಮ, ಅದರ ಮೇಲೆ ಹೊಳೆಯುವ ಕೆಂಪು ರಕ್ತ. ಡೆನ್ಮಾರ್ಕ್‌ನ ಜೌಗಿನಲ್ಲಿ 1950ರಲ್ಲಿ ಸಿಕ್ಕ ಟೋಲುಂಡ್ ಮನುಷ್ಯನ ಮುಖದ ಫೋಟೊವನ್ನು ಒಮ್ಮೆ ನೋಡಬೇಕು. ಎರಡು ಸಾವಿರ ವರ್ಷಕ್ಕೂ ಹಳೆಯ ಹೆಣ. ಗಲ್ಲದ ಮೇಲಿನ ಕುರುಚಲು ಗಡ್ಡ, ತಲೆಯ ಟೋಪಿ, ಕುತ್ತಿಗೆಯ ಚರ್ಮದ ಹುರಿ ಎಲ್ಲ ಹಾಗೇ ಇವೆ. ಜೌಗಿನ ಆಮ್ಲ ಚರ್ಮವನ್ನು ಹದಮಾಡಿ ಉಳಿಸುತ್ತದೆ, ಒಳಗಿನ ಮೂಳೆಯ ಸುಣ್ಣವನ್ನು ಕರಗಿಸುತ್ತದೆ. ಜೌಗಿನಿಂದೆದ್ದ ಸೈನಿಕನನ್ನು ಮಾಡುವವರು ಹಸಿರನ್ನು ಬದಿಗಿಟ್ಟು ಚಪ್ಪಲಿ ತೊಗಲಿನ ಕಂದಿನಿಂದ ಶುರುಮಾಡಬೇಕು. ಮಡಿಕೆಗಳಿಗೆ ತೆಳು ಕಪ್ಪು ಇಳಿಬಿಟ್ಟು, ಕೊನೆಗೆ ಮ್ಯಾಟ್ ವಾರ್ನಿಷ್ ಬದಲು ಸ್ಯಾಟಿನ್ ಕೊಟ್ಟರೆ ತೊಗಲಿನ ಮಂದ ಹೊಳಪು ಬರುತ್ತದೆ. ಪಕ್ಕೆಲುಬಿನ ಮೇಲೆ ಗ್ರೀನ್ ಸ್ಟಫ್ ಎಂಬ ಮೆತುಹಿಟ್ಟನ್ನು ಹಾಳೆಯಷ್ಟು ತೆಳ್ಳಗೆ ಎಳೆದು, ಒದ್ದೆ ಉಪಕರಣದಿಂದ ಎಲುಬಿನ ನಡುವೆ ಒತ್ತಿದರೆ ಚರ್ಮ ಅಂಟಿಕೊಂಡಂತೆ ಕೂರುತ್ತದೆ. ರಕ್ತ ಬೇಡವೇ ಬೇಡ. ಅವನ ರಕ್ತ ಯಾವತ್ತೋ ಮಣ್ಣಾಗಿದೆ.

ಕನ್ವರ್ಷನ್, ಅಂದರೆ ಗೊಂಬೆಯನ್ನು ಕತ್ತರಿಸಿ ಅಂಟಿಸಿ ಬದಲಿಸುವುದರ ಬಗೆಗಿನ ರೂಢಿಯ ಮಾತನ್ನೂ ನಾನು ಒಪ್ಪುವುದಿಲ್ಲ. ಎಷ್ಟು ಸೇರಿಸಿದರೆ ಅಷ್ಟು ಚೆನ್ನ ಎಂದುಕೊಂಡು ಸೊಂಟಕ್ಕೆರಡು ತಲೆಬುರುಡೆ, ಭುಜಕ್ಕೆ ಮುಳ್ಳು, ಬೆನ್ನಿಗೆ ಬಾವುಟ ಅಂಟಿಸುತ್ತಾರೆ. ಸತ್ತ ಸೈನಿಕನ ಕತೆ ಅವನು ಕಳಕೊಂಡದ್ದರಲ್ಲಿದೆ. ಇಂಗ್ಲೆಂಡಿನ ಟೌಟನ್‌ನಲ್ಲಿ 1461ರ ಕದನದಲ್ಲಿ ಸತ್ತವರ ಸಾಮೂಹಿಕ ಗೋರಿಯೊಂದು 1996ರಲ್ಲಿ ತೆರೆದುಕೊಂಡಿತು. ಹೆಚ್ಚಿನ ಏಟುಗಳೆಲ್ಲ ತಲೆಗೇ ಬಿದ್ದಿದ್ದವು. ಅವರಲ್ಲೊಬ್ಬನ ದವಡೆಯಲ್ಲಿ ವರ್ಷಗಳ ಹಿಂದೆಯೇ ಬಿದ್ದು ಮಾಗಿದ ಹಳೆಯ ಗಾಯವೂ ಇತ್ತು. ಅಂದರೆ ಒಮ್ಮೆ ಉಳಿದು ಬಂದವನು ಮತ್ತೆ ಯುದ್ಧಕ್ಕೆ ಹೋಗಿದ್ದ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಕೆಲವರ ಭುಜದ ಮೂಳೆಯ ತುದಿ ಕೂಡಿಕೊಳ್ಳದೆ ಬಿಡಿಯಾಗಿತ್ತು. ಚಿಕ್ಕಂದಿನಿಂದ ಉದ್ದಬಿಲ್ಲು ಎಳೆದವರ ಗುರುತು ಅದು ಎನ್ನುತ್ತಾರೆ ತಜ್ಞರು. 28 ಮಿಲಿಮೀಟರ್ ಗೊಂಬೆಯಲ್ಲಿ ಇಂಥದ್ದನ್ನು ತೋರಿಸಲು ಹೊಸ ತುಂಡು ಯಾವುದೂ ಬೇಕಿಲ್ಲ. ಬುರುಡೆಗೆ ಚಾಕುವಿನ ಮೊನೆಯಿಂದ ಒಂದು ಕಚ್ಚು, ದವಡೆ ತುಸು ಓರೆ, ಒಂದು ಭುಜ ಕೂದಲೆಳೆಯಷ್ಟು ಮೇಲೆ. ಅಷ್ಟು ಸಾಕು.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು: ಆಟ ಆಡುವಾಗ ಮೂರಡಿ ದೂರದಿಂದ ನೋಡುತ್ತೇವೆ, ಅರವತ್ತು ಸೈನಿಕರನ್ನು ಮುಗಿಸಬೇಕು, ದವಡೆಯ ಕಚ್ಚು ಯಾರಿಗೆ ಕಾಣುತ್ತದೆ? ಅರವತ್ತಕ್ಕೂ ಚಾಕು ಹಿಡಿದು ಕೂರಿ ಎಂದು ನಾನೂ ಹೇಳಲಾರೆ. ಇಪ್ಪತ್ತರಲ್ಲಿ ನಾಲ್ಕೈದು ಸಾಕು, ಅವನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದರೆ ಆಯಿತು. ಬಣ್ಣದ ವಿಷಯದಲ್ಲಿ ಮಾತ್ರ ಆ ಮೂರಡಿ ದೂರ ನನ್ನ ಕಡೆಗೇ ಸಾಕ್ಷಿ ಹೇಳುತ್ತದೆ. ಒಂದೇ ಬಣ್ಣದ ಅರವತ್ತು ಅಸ್ಥಿಪಂಜರಗಳು ಅಷ್ಟು ದೂರದಿಂದ ಒಣಗಲು ಹರವಿದ ಸಂಡಿಗೆಯಂತೆ ಕಾಣುತ್ತವೆ. ಎಲ್ಲಿ ಒಂದು ತುಕಡಿ ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯುವುದಿಲ್ಲ. ಅದೇ ಅರವತ್ತನ್ನು ಕೆಂಗಂದು, ಇದ್ದಿಲು, ಬಿಸಿಲಬಿಳಿ ಎಂದು ಮೂರು ಗೋರಿಗಳಿಗೆ ಹಂಚಿದರೆ ಸಾಲುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಹಿಡಿಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ.

ನೆಲ ಬೇರೆಯಾದರೆ ಸತ್ತವರೂ ಬೇರೆ ಎನ್ನುವುದು ಆಟ ಕಟ್ಟಿದವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ವಾರ್‌ಹ್ಯಾಮರ್‌ನಲ್ಲಿ 1994ರ ಪುಸ್ತಕ ಸತ್ತವರೆಲ್ಲರನ್ನೂ ಒಂದೇ ಸೈನ್ಯವಾಗಿ ಇಟ್ಟಿತ್ತು. ಆಮೇಲೆ ಅದು ಒಡೆಯಿತು: ಮಂಜು ಕವಿದ ಸಿಲ್ವೇನಿಯಾದ ವ್ಯಾಂಪೈರ್ ಕೌಂಟ್ಸ್ ಒಂದು ಕಡೆ, ಈಜಿಪ್ಟಿನ ಅಚ್ಚಿನಲ್ಲಿ ಕಲ್ಪಿಸಿದ ಮರುಭೂಮಿಯ ಟೂಂಬ್ ಕಿಂಗ್ಸ್ ಇನ್ನೊಂದು ಕಡೆ. ಒಬ್ಬರದು ಕೊಳೆಯುವ ನೆಲ, ಇನ್ನೊಬ್ಬರದು ಒಣಗಿಸುವ ನೆಲ. 2024ರಲ್ಲಿ ‘ದಿ ಓಲ್ಡ್ ವರ್ಲ್ಡ್’ ಆಟದೊಂದಿಗೆ ಟೂಂಬ್ ಕಿಂಗ್ಸ್ ಮರಳಿ ಬಂದಾಗ ನನಗೆ ತುಂಬ ಸಂತೋಷವಾಗಿತ್ತು. ಆದರೆ ಮರಳಲ್ಲಿ ಒಣಗಿದ ಆ ರಾಜರ ಸೈನಿಕರಿಗೂ ಅದೇ ಕೆಸರುಗಂದು ವಾಶ್ ಬಳಿದದ್ದನ್ನು ನೋಡಿದಾಗೆಲ್ಲ ಮನಸ್ಸು ನೋಯುತ್ತದೆ.

ಸತ್ತವರನ್ನು ಒಬ್ಬೊಬ್ಬರಾಗಿ ಕಾಣುವುದು ಚಿತ್ರಕಾರರಿಗೂ ಹೊಸದಲ್ಲ. ಬ್ರೂಗೆಲ್ 1562ರ ಸುಮಾರಿಗೆ ಬರೆದ ‘ಸಾವಿನ ವಿಜಯ’ ಚಿತ್ರ ಮ್ಯಾಡ್ರಿಡ್‌ನ ಪ್ರಾಡೊದಲ್ಲಿದೆ. ಅಲ್ಲಿನ ಅಸ್ಥಿಪಂಜರಗಳದ್ದು ನಿಜಕ್ಕೂ ಸೈನ್ಯ. ಶವಪೆಟ್ಟಿಗೆಯ ಮುಚ್ಚಳಗಳನ್ನು ಗುರಾಣಿ ಮಾಡಿಕೊಂಡು ಸಾಲಾಗಿ ನಿಂತಿವೆ. ಒಂದು ಅಸ್ಥಿಪಂಜರ ಬುರುಡೆ ತುಂಬಿದ ಗಾಡಿ ಹೊಡೆಯುತ್ತಿದೆ, ಒಂದು ಬೀಳುತ್ತಿರುವ ರಾಜನಿಗೆ ಮರಳುಗಡಿಯಾರ ತೋರಿಸುತ್ತಿದೆ. ಪ್ರತಿಯೊಂದಕ್ಕೂ ಅದರದೇ ಕೆಲಸವಿದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಆ ಮುಚ್ಚಳ ಕತ್ತರಿಸಲು ಐದು ನಿಮಿಷ ಬೇಕಾಗಬಹುದು.

ಈಗ ನನ್ನ ಮೇಜಿನ ಮೇಲಿರುವುದು ಒಬ್ಬ ಬಿಲ್ಲುಗಾರ. ಅಚ್ಚಿನಲ್ಲಿ ಅವನ ಎಡಮುಂಗೈಗೆ ದಪ್ಪನೆಯ ಬಳೆಯೊಂದಿತ್ತು. ಅದನ್ನು ಚಾಕುವಿನಿಂದ ಸುಲಿದು, ಮೂಳೆಯ ಮಟ್ಟಕ್ಕೆ ಉಜ್ಜಿ ತೆಗೆದಿದ್ದೇನೆ. ಗೋರಿ ಅಗೆದವರು ಯಾರೋ ಎಂದೋ ಕದ್ದೊಯ್ದರು ಎಂದು ನನ್ನ ಲೆಕ್ಕ. ಬಳೆಯಿದ್ದ ಜಾಗಕ್ಕೆ ಹಸಿರನ್ನು ನೀರಿನಷ್ಟು ತೆಳುಮಾಡಿ ಒಂದು ಸುತ್ತು ಕೊಟ್ಟಿದ್ದೇನೆ. ಒಣಗಿದ ಮೇಲೆ ತೀರ ಮಾಸಿ ಕಾಣುತ್ತಿದೆ. ನಾಳೆ ಇನ್ನೊಂದು ಸುತ್ತು ಬೇಕು.