ಎರಡನೇ ಕರ್ನಲ್‌ನ ಚೆಲುವು

ಹೆಬ್ಬಾಳದ ಫ್ಲೈಓವರ್ ಆಚೆ, ಮಾನ್ಯತಾ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳಲ್ಲಿ ಕೂತು ದೂರದೂರದ ಸರ್ವರುಗಳ ಯೋಗಕ್ಷೇಮ ನೋಡುವವರಿದ್ದಾರೆ. ಸರ್ವರ್ ಕುಸಿದಾಗ, ಕಾರಣ ಹುಡುಕಲೆಂದು ಅದರ ಮೆಮೊರಿಯನ್ನು ಉಳಿಸಿಕೊಟ್ಟು, ಅವರ ಕೈಹಿಡಿಯುವ ಕೆಡಂಪ್ ಎಂಬ ಉಪಾಯದಲ್ಲಿ ಇದೇ ಊರಿನ ಪಾಲು ದೊಡ್ಡದು. ಬೆಂಗಳೂರಿನ ಐಬಿಎಂನಲ್ಲಿದ್ದ ವಿವೇಕ್ ಗೋಯಲ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ, ಅಮೆರಿಕದ ಎರಿಕ್ ಬೀಡರ್‌ಮನ್ ಜೊತೆ ಸೇರಿ, 2005ರ ಒಟ್ಟಾವಾ ಲಿನಕ್ಸ್ ಸಮಾವೇಶಕ್ಕೆ ಇದರ ಪ್ರಬಂಧ ಬರೆದರು. ಅದೇ ವರ್ಷ ಲಿನಕ್ಸ್ 2.6.13ರೊಳಗೆ ಕೆಡಂಪ್ ಸೇರಿಯೂ ಆಯಿತು.

ಈ ಉಪಾಯದ ಸೊಗಸೆಲ್ಲ ಅದರ ಅಪನಂಬಿಕೆಯಲ್ಲಿದೆ. ಮೊದಲೆಲ್ಲ ಕುಸಿಯುತ್ತಿರುವ ಕರ್ನಲ್ಲೇ ತನ್ನ ಮೆಮೊರಿಯನ್ನು ಡಿಸ್ಕಿಗೆ ಬರೆಯಬೇಕಿತ್ತು. ಕೆಟ್ಟದ್ದು ಡಿಸ್ಕಿನ ಡ್ರೈವರೇ ಆಗಿದ್ದರೆ? ಕೆಡಂಪ್ ಆ ಗೊಡವೆಗೇ ಹೋಗುವುದಿಲ್ಲ. ಯಂತ್ರ ಏಳುವಾಗಲೇ 256 ಎಂಬಿಯಷ್ಟೋ ಏನೋ ಜಾಗ ತೆಗೆದಿಟ್ಟು, ಅಲ್ಲೊಂದು ಬೇರೆ ಕರ್ನಲ್ಲನ್ನು ಡಿಕ್ಕಿಯೊಳಗಿನ ಸ್ಟೆಪ್ನಿಯ ಹಾಗೆ ಮಲಗಿಸಿರುತ್ತದೆ. ಮೊದಲನೆಯದು ಬಿದ್ದೊಡನೆ, ಬಯಾಸನ್ನು ಮುಟ್ಟದೆ, ನೇರ ಅಲ್ಲಿಗೆ ಜಿಗಿತ. ಬಯಾಸ್ ದಾರಿ ಹಿಡಿದರೆ ಹಳೆಯ ಮೆಮೊರಿ ಅಳಿಸಿಹೋದೀತಲ್ಲ! ಕಾದಿದ್ದ ಕರ್ನಲ್ಲೂ ಕೆಟ್ಟಿಲ್ಲವೆಂದು ಮಧ್ಯದಲ್ಲೇ ಚೆಕ್‌ಸಮ್ ನೋಡಿಕೊಳ್ಳುವ ಸೂಕ್ಷ್ಮ ಬೇರೆ. ಎದ್ದ ಕರ್ನಲ್ ತನ್ನ ಪಾಲಿನ ಜಾಗ ಬಿಟ್ಟು ಕದಲದೆ, ಹಳೆಯದರ ಮೆಮೊರಿಯನ್ನು ವಿಎಂಕೋರ್ ಎಂಬ ಫೈಲಾಗಿ ತೋರಿಸುತ್ತದೆ.

ಒಂದೇ ಯಂತ್ರದಲ್ಲಿ ಹಲವು ವ್ಯವಸ್ಥೆಗಳನ್ನು ನಡೆಸುವ ಝೆನ್ ಹೈಪರ್‌ವೈಸರಿನಲ್ಲಿ ಈ ಸೊಗಸು ಇಮ್ಮಡಿ. ಕೆಳಗೆ ಹೈಪರ್‌ವೈಸರ್, ಅದರ ಮೇಲೆ ಆಡಳಿತ ನೋಡುವ ಡಾಮ್‌ಝೀರೋ ಲಿನಕ್ಸ್. ಉಳಿಸಿಟ್ಟ ಮೆಮೊರಿ, ಅಂದರೆ ಡಂಪ್, ಮಾತ್ರ ಒಂದೇ. ಡಂಪನ್ನು ಓದುವ ಕ್ರ್ಯಾಶ್ ಎಂಬ ಸಾಧನಕ್ಕೆ ಝೆನ್‌ನ ಸಿಂಬಲ್ ಫೈಲು ಕೊಟ್ಟರೆ ಹೈಪರ್‌ವೈಸರಿನ ಕಥೆ ತೆರೆದುಕೊಳ್ಳುತ್ತದೆ, ಲಿನಕ್ಸಿನದು ಕೊಟ್ಟರೆ ಅದೇ ಗಳಿಗೆಯಲ್ಲಿ ಡಾಮ್‌ಝೀರೋ ಏನು ಮಾಡುತ್ತಿತ್ತೆಂಬುದು.

ಆಮೇಲೆ ಓದುವ ಸುಖ. ಕ್ರ್ಯಾಶ್‌ನಲ್ಲಿ ಬಿಟಿ ಎಂದು ಟೈಪಿಸಿದರೆ, ಯಾವ ಫಂಕ್ಷನ್ ಯಾವುದನ್ನು ಕರೆದಿತ್ತೆಂಬ ಬ್ಯಾಕ್‌ಟ್ರೇಸ್ ಬರುತ್ತದೆ. ಅದರ ಮೇಲಿನ ಸಾಲಿನ ಫಂಕ್ಷನ್ನೇ ಅಪರಾಧಿ ಎನ್ನುವುದು ಎಳಸುತನ. ಎಷ್ಟೋ ಸಲ ಅದು ಬೇರೆ ಯಾರೋ ಕೆಡಿಸಿಟ್ಟದ್ದನ್ನು ಮುಟ್ಟಿದ ಅಮಾಯಕ. ನನಗೆ ಅಚ್ಚುಮೆಚ್ಚು 6ಬಿ 6ಬಿ 6ಬಿ ಎಂಬ ಸಾಲು. ಲಿನಕ್ಸಿನಲ್ಲಿ ಸ್ಲ್ಯಾಬ್ ಡೀಬಗ್ ಚಾಲೂ ಇದ್ದರೆ, ಬಿಟ್ಟುಕೊಟ್ಟ ಮೆಮೊರಿಗೆ ಈ ಬೈಟನ್ನೇ ತುಂಬುತ್ತದೆ. ರಿಜಿಸ್ಟರಿನಲ್ಲಿ ಅದು ಕಂಡಿತೋ, ಬಿಟ್ಟ ಮೇಲೂ ಆ ಜಾಗವನ್ನು ಯಾರೋ ಬಳಸಿದ್ದಾರೆಂದೇ ಲೆಕ್ಕ. ಬಿಟ್ಟವರ ಗುರುತು ಬರೆದಿಡುವ ಆಯ್ಕೆಯನ್ನೂ ಮೊದಲೇ ಹಾಕಿಟ್ಟಿದ್ದರಂತೂ ಹಬ್ಬ: ಯಾವ ಫಂಕ್ಷನ್, ಯಾವ ಸಿಪಿಯು, ಯಾವ ಪ್ರೊಸೆಸ್, ಎಲ್ಲ ಪಕ್ಕದಲ್ಲೇ ಕೂತಿರುತ್ತವೆ.