ಹೆಚ್ಚಿನ ಅಕ್ಕಿ: ಸುಸ್ಥಿರ ಅಭಿವೃದ್ಧಿಯ ತತ್ತ್ವವೂ ಶರಣರ ಕಾಯಕದೃಷ್ಟಿಯೂ

ವಚನಸಾಹಿತ್ಯವನ್ನು ಕುರಿತ ಉಪನ್ಯಾಸಗಳಲ್ಲಿಯೂ ಲೇಖನಗಳಲ್ಲಿಯೂ ಈಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಜಗತ್ತು ಇಂದು ‘ಸುಸ್ಥಿರ ಅಭಿವೃದ್ಧಿ’ ಎಂದು ಯಾವುದನ್ನು ಕರೆಯುತ್ತಿದೆಯೋ ಅದನ್ನು ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ್ದರು ಎಂಬುದು ಆ ಮಾತು. ಕೇಳುವುದಕ್ಕೆ ಇದು ಹಿತವಾಗಿದೆ. ಸಭೆಯಲ್ಲಿ ಕರತಾಡನವೂ ದೊರೆಯುತ್ತದೆ. ಆದರೆ ಹಿತವಾದುದೆಲ್ಲವೂ ವಿಚಾರಕ್ಕೆ ನಿಲ್ಲಲೇಬೇಕೆಂಬ ನಿಯಮವಿಲ್ಲ. ಹೊಸ ತತ್ತ್ವವೊಂದು ಹುಟ್ಟಿದಾಗಲೆಲ್ಲ ಅದರ ಬೀಜ ನಮ್ಮಲ್ಲಿಯೇ ಇತ್ತೆಂದು ಹೇಳಿ ತೃಪ್ತರಾಗುವ ಅಭ್ಯಾಸದಿಂದ ಆ ಹೊಸ ತತ್ತ್ವವೂ ನಮಗೆ ತಿಳಿಯುವುದಿಲ್ಲ, ವಚನವೂ ತಿಳಿಯುವುದಿಲ್ಲ. ಈ ಹೋಲಿಕೆ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ನಮ್ಮ ಕಣ್ಣೆದುರಿನ ನಿದರ್ಶನಗಳೊಡನೆ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

1

ಮೊದಲು ತತ್ತ್ವದ ಸ್ವರೂಪವನ್ನು ನೋಡೋಣ. ನಾರ್ವೆ ದೇಶದ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವು 1987ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಮುಂದಿನ ಪೀಳಿಗೆಗಳು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಕುಂದುಂಟಾಗದಂತೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂಬುದು ಅದರ ತಾತ್ಪರ್ಯ. ಈ ನಿರೂಪಣೆಯ ಒಳಗೆ ಎರಡು ಭಾವನೆಗಳಿವೆ. ಒಂದು ‘ಅಗತ್ಯ’, ಅದರಲ್ಲಿಯೂ ಬಡವರ ಅಗತ್ಯಕ್ಕೆ ಅಗ್ರಸ್ಥಾನ. ಇನ್ನೊಂದು ‘ಮಿತಿ’. 1992ರ ರಿಯೋ ಸಮ್ಮೇಳನದ ಘೋಷಣೆಯಲ್ಲಿ ಇವುಗಳೊಡನೆ ಇನ್ನೆರಡು ಸೂತ್ರಗಳು ಸ್ಪಷ್ಟವಾದವು. ಹಾನಿಯ ಶಂಕೆ ಬಲವಾಗಿದ್ದರೆ ಪೂರ್ಣ ಪ್ರಮಾಣ ದೊರೆಯುವ ತನಕ ಕಾಯದೆ ಮೊದಲೇ ಎಚ್ಚರ ವಹಿಸಬೇಕೆಂಬುದು ಒಂದು. ಕೆಡಿಸಿದವನೇ ಅದರ ವೆಚ್ಚವನ್ನು ತೆರಬೇಕೆಂಬುದು ಮತ್ತೊಂದು. ಭಾರತದ ಸುಪ್ರೀಂ ಕೋರ್ಟು 1996ರಲ್ಲಿ ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಈ ಎರಡು ಸೂತ್ರಗಳನ್ನೂ ನಮ್ಮ ದೇಶದ ಕಾನೂನಿನ ಭಾಗವೆಂದು ಎತ್ತಿಹಿಡಿಯಿತು.

ಈಗ ಭೇದವನ್ನು ಒಪ್ಪಿಕೊಳ್ಳಬೇಕು. ಶರಣರು ಭವಿಷ್ಯದ ಪೀಳಿಗೆಯ ಹೆಸರಿನಲ್ಲಿ ಮಾತನಾಡಿದವರಲ್ಲ. ಅವರ ಗಣನೆಯಲ್ಲಿದ್ದುದು ಲಿಂಗ, ಜಂಗಮ ಮತ್ತು ಈ ಕ್ಷಣದ ನಡೆಯ ಶುದ್ಧಿ. ಕಾರ್ಖಾನೆಯ ಕೊಳಚೆಯಾಗಲಿ, ನೆಡುತೋಪುಗಳಾಗಲಿ ಅವರು ಕಂಡವಲ್ಲ. ಆದುದರಿಂದ ಅವರನ್ನು ‘ಪರಿಸರವಾದಿಗಳು’ ಎಂದು ಕರೆಯುವುದು ಕಾಲವಿರುದ್ಧವಾದ ಪ್ರಶಂಸೆ. ಇಷ್ಟನ್ನು ಒಪ್ಪಿದ ಮೇಲೆಯೇ ನಿಜವಾದ ಸಂಬಂಧ ಗೋಚರಿಸುತ್ತದೆ. ಆ ಸಂಬಂಧವು ‘ಮಿತಿ’ ಎಂಬ ಎರಡನೆಯ ಭಾವನೆಯಲ್ಲಿದೆ.

2

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗ ನಮ್ಮ ಓದುಗರಿಗೆ ತಿಳಿಯದ್ದೇನಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದ ಜಂಗಮದಾಸೋಹ. ಒಂದು ದಿನ ಆತನು ಎಂದಿನ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಲ್ಲದೆ, ಹೆಚ್ಚಿನದನ್ನು ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಹೇಳಿದಳು. ಶೂನ್ಯಸಂಪಾದನೆಯಲ್ಲಿಯೂ ಈ ದಂಪತಿಗಳಿಗೆ ಗೌರವದ ಸ್ಥಾನವಿದೆ.

ಈ ಪ್ರಸಂಗವನ್ನು ನಾನು ಹಲವು ವರ್ಷ ತರಗತಿಯಲ್ಲಿ ಬೋಧಿಸಿದೆ. ನಿರಾಸೆಯ ದೃಷ್ಟಾಂತವೆಂದು ವಿವರಿಸಿ ಮುಂದೆ ಹೋಗುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಅಕ್ಕಿ ವಾಪಸು ಯಾಕೆ ಕೊಡಬೇಕಿತ್ತು? ಇನ್ನೂ ನಾಲ್ಕು ಜನ ಜಂಗಮರಿಗೆ ಊಟಕ್ಕೆ ಹಾಕಬಹುದಿತ್ತಲ್ಲ?” ಎಂದು ಕೇಳಿದನು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದು ಕುಳ್ಳಿರಿಸಿದೆ. ಆ ನಾಳೆ ಬರುವುದಕ್ಕೆ ನಿವೃತ್ತಿಯ ಕಾಲವೇ ಬೇಕಾಯಿತು.

ಹುಡುಗನ ಪ್ರಶ್ನೆಯಲ್ಲಿಯೇ ಪ್ರಸಂಗದ ತಿರುಳಿದೆ. ಹೆಚ್ಚಿನ ಅಕ್ಕಿ ಮಾರಯ್ಯನ ಭೋಗಕ್ಕೆಂದು ಬಂದುದಲ್ಲ. ಅದೂ ದಾಸೋಹಕ್ಕೇ ಸಲ್ಲುತ್ತಿತ್ತು. ಹಾಗಿದ್ದೂ ಲಕ್ಕಮ್ಮ ಒಪ್ಪಲಿಲ್ಲ. ಅಂದರೆ ಪಡೆಯುವ ಪ್ರಮಾಣ ತಪ್ಪಿದ್ದರೆ ಕೊಡುವ ಪುಣ್ಯವು ಆ ತಪ್ಪನ್ನು ತೊಳೆಯಲಾರದು ಎಂಬುದು ಆಕೆಯ ನಿಲುವು. ದಾಸೋಹದ ಶುದ್ಧಿಯು ಹಂಚುವ ಕೈಯಲ್ಲಿ ಆರಂಭವಾಗುವುದಿಲ್ಲ. ಆಯುವ ಕೈಯಲ್ಲಿ ಆರಂಭವಾಗುತ್ತದೆ. ‘ಹೇಗಾದರೂ ಗಳಿಸು, ಗಳಿಸಿದುದರಲ್ಲಿ ಧರ್ಮಕ್ಕೆ ಕೊಡು’ ಎಂಬ ಲೋಕರೂಢಿಯ ಸಮಾಧಾನಕ್ಕೆ ಇಲ್ಲಿ ಅವಕಾಶವೇ ಇಲ್ಲ.

ಇದನ್ನು ರಿಯೋ ಘೋಷಣೆಯ ಎರಡು ಸೂತ್ರಗಳ ಎದುರಿಗೆ ಇಟ್ಟು ನೋಡಬಹುದು. ಕೆಡಿಸಿದವನು ತೆರಬೇಕೆಂಬ ಸೂತ್ರ ನ್ಯಾಯವಾದುದೇ. ಆದರೆ ಅದು ಕೆಟ್ಟ ಮೇಲೆ ಬರುವ ನ್ಯಾಯ. ತೆರುವ ಶಕ್ತಿಯುಳ್ಳವನಿಗೆ ಅದು ಕೆಡಿಸುವ ಪರವಾನಗಿಯಾಗಿ ತೋರುವ ಅಪಾಯವೂ ಉಂಟು. ಲಕ್ಕಮ್ಮನು ನಿಲ್ಲುವುದು ಮೊದಲೇ ಎಚ್ಚರ ವಹಿಸುವ ಪಕ್ಷದಲ್ಲಿ. ಅಕ್ಕಿ ಇನ್ನೂ ಬೇಯುವ ಮುನ್ನವೇ ಆಕೆ ಪ್ರಮಾಣವನ್ನು ಕೇಳಿದಳು.

3

ಈ ವಿವೇಚನೆಯನ್ನು ಪುಸ್ತಕದಿಂದ ಹೊರಗೆ ತಂದು ನಮ್ಮ ಹರಿಹರದ ಹೊಳೆದಂಡೆಯಲ್ಲಿ ನಿಲ್ಲಿಸೋಣ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಈ ದಡದಲ್ಲಿದೆ. ಎದುರು ದಡದ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ಮರದ ತಿರುಳನ್ನೂ ಕೃತಕ ನೂಲಿನ ಎಳೆಯನ್ನೂ ತಯಾರಿಸುವ ಕಾರ್ಖಾನೆಗಳಿವೆ. ಸಾವಿರಾರು ಕುಟುಂಬಗಳಿಗೆ ಅವು ಅನ್ನ ಕೊಟ್ಟಿವೆ. ಅದೇ ಹೊಳೆಯ ನೀರು ಕೆಡುತ್ತಿದೆಯೆಂದೂ ಮೀನುಗಳು ಸಾಯುತ್ತಿವೆಯೆಂದೂ ಕೆಳದಂಡೆಯ ಹಳ್ಳಿಗರು ಮತ್ತು ಮೀನುಗಾರರು 1980ರ ದಶಕದಲ್ಲಿ ದೂರಿಟ್ಟರು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠ ಅವರ ನೇತೃತ್ವದಲ್ಲಿ ಆ ದೂರನ್ನು ಎತ್ತಿಕೊಂಡಿತು.

ನೀರಿನ ಹಿಂದೆ ನೆಲದ ಪ್ರಶ್ನೆಯೂ ಇತ್ತು. ಸರಕಾರದ ಅರಣ್ಯ ನಿಗಮವೂ ಹರಿಹರ ಪಾಲಿಫೈಬರ್ಸ್ ಸಂಸ್ಥೆಯೂ ಜತೆಗೂಡಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ಸಿ ಮತ್ತು ಡಿ ವರ್ಗದ ಸುಮಾರು 30,000 ಹೆಕ್ಟೇರು, ಎಂದರೆ 75,000 ಎಕರೆಯಷ್ಟು ಸರಕಾರಿ ಭೂಮಿಯಲ್ಲಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಅದರ ಯೋಜನೆ. ಕಾಗದದಲ್ಲಿ ಅದು ಬೀಳುಭೂಮಿ. ಊರಿನವರ ಪಾಲಿಗೆ ದನ ಮೇಯುವ ಗೋಮಾಳ, ಸೌದೆಯ ನೆಲೆ, ಬಡವನ ಒಲೆಗೆ ಪುಳ್ಳೆ ಸಿಗುವ ಜಾಗ. ಶಿವರಾಮ ಕಾರಂತರು ಮೊದಲಾದವರು 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ರಿಟ್ ಅರ್ಜಿ ಸಲ್ಲಿಸಿದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನರು ಸಾಂಕೇತಿಕವಾಗಿ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. 1990ರ ದಶಕದ ಆರಂಭದಲ್ಲಿ ಆ ಜಂಟಿ ಕಂಪನಿಯನ್ನು ಮುಚ್ಚಲಾಯಿತು.

ಬ್ರುಂಟ್‌ಲಾಂಡ್ ವರದಿ ಹೊರಬಂದ ವರ್ಷವೂ ಕುಸನೂರಿನ ಸತ್ಯಾಗ್ರಹದ ವರ್ಷವೂ ಒಂದೇ ಎಂಬುದು ಗಮನಾರ್ಹ. ಅಲ್ಲಿ ಸಸಿ ಹಚ್ಚಿದ ರೈತರಿಗೆ ಆ ವರದಿಯ ಅರಿವು ಬೇಕಾಗಿರಲಿಲ್ಲ. ಯಾರ ಅಗತ್ಯ ಮೊದಲು, ಎಷ್ಟು ತೆಗೆದರೆ ಹೆಚ್ಚು ಎಂಬ ಲಕ್ಕಮ್ಮನ ಪ್ರಶ್ನೆಯನ್ನೇ ಅವರು ತಮ್ಮ ರೀತಿಯಲ್ಲಿ ಕೇಳಿದರು.

ಆದರೆ ಕಾರ್ಖಾನೆಯನ್ನು ಬೈದು ಲೇಖನವನ್ನು ಮುಗಿಸಿದರೆ ಅದೂ ಅಪ್ರಾಮಾಣಿಕವೇ. ಆ ಎಳೆಯ ಬಟ್ಟೆಯನ್ನು ಉಡುವವರು ನಾವೇ. ಆ ತಿರುಳಿನಂಥದರಿಂದಲೇ ಆದ ಕಾಗದದಲ್ಲಿ ವಚನಗಳು ಅಚ್ಚಾಗುತ್ತವೆ. ಹತ್ತಿಯ ಗಿರಣಿಗಳು ಮುಚ್ಚಿದಾಗ ದಾವಣಗೆರೆಯ ಕೇರಿಗಳೂ, ಕಿರ್ಲೋಸ್ಕರ್ ಯಂತ್ರ ಕಾರ್ಖಾನೆ ನಿಂತಾಗ ಹರಿಹರವೂ ಪಟ್ಟ ಪಾಡನ್ನು ನಾವು ಕಂಡಿದ್ದೇವೆ. ಕಾಯಕವನ್ನು ಕೈಲಾಸವೆಂದು ನಂಬಿದವರು ದುಡಿಮೆಯ ತಾಣ ಬರಿದಾಗುವುದನ್ನು ಹಗುರವಾಗಿ ಕಾಣಲಾರರು. ಲಕ್ಕಮ್ಮನೂ ಗಂಡನಿಗೆ ಅಕ್ಕಿ ಆಯುವುದನ್ನೇ ಬಿಡು ಎನ್ನಲಿಲ್ಲ. ಪ್ರಮಾಣವನ್ನು ಬಿಡಬೇಡ ಎಂದಳು, ಅಷ್ಟೆ.

4

ಇನ್ನೊಂದು ಪ್ರಸಂಗವನ್ನು ಇದಕ್ಕೆ ಜೋಡಿಸಬೇಕು. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ಮಹನೀಯ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಶರಣರಲ್ಲಿ ‘ಅಭಿವೃದ್ಧಿ’ಯ ಕೆಲಸವನ್ನು ಆತನಷ್ಟು ಮಾಡಿದವರು ವಿರಳ. ಅಂಥವನಲ್ಲಿಗೆ ಅಲ್ಲಮಪ್ರಭು ಬಂದು ಕಠೋರವಾಗಿ ಮಾತನಾಡಿದನೆಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಕೆರೆ ಕೆಟ್ಟದ್ದೆಂಬುದು ಅಲ್ಲಮನ ಅಭಿಪ್ರಾಯವೆಂದು ಓದಿದರೆ ಪ್ರಸಂಗ ಬಡವಾಗುತ್ತದೆ. ಕಟ್ಟಿದೆನೆಂಬ ಭಾವವು ಕಟ್ಟಿದವನನ್ನೇ ಕಟ್ಟಿಹಾಕುತ್ತದೆ ಎಂಬುದು ಆತನ ಟೀಕೆಯ ಗುರಿ. ಕನ್ನಡ ಸಾಹಿತ್ಯದಲ್ಲಿ ಅಭಿವೃದ್ಧಿಯ ಮೇಲೆ ಬಂದ ವಿಮರ್ಶೆಗಳಲ್ಲಿ ಇದು ಅತ್ಯಂತ ಗಹನವಾದುದೆಂದು ನನ್ನ ನಂಬಿಕೆ. ಯಾಕೆಂದರೆ ಅದು ಕೆಟ್ಟ ಕೆಲಸವನ್ನು ಬಿಟ್ಟು ಒಳ್ಳೆಯ ಕೆಲಸದೊಳಗಿನ ಅಹಂಕಾರವನ್ನು ಪರೀಕ್ಷಿಸುತ್ತದೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಈಗ ಶಾಂತಿಸಾಗರವೆನ್ನುತ್ತಾರೆ, ನಮ್ಮವರು ಬಲ್ಲರು. ಶರಣರ ಯುಗಕ್ಕೆ ಸಮೀಪದ ಕಾಲದ್ದೆಂದು ಪ್ರತೀತಿಯಿರುವ ಈ ಕೆರೆಯನ್ನು ಶಾಂತವ್ವೆ ಎಂಬ ಹೆಣ್ಣುಮಗಳು ಕಟ್ಟಿಸಿದಳೆಂದು ಜನ ಹೇಳುತ್ತಾರೆ. ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಹಾಕಿದ ಏರಿ ಇಂದಿಗೂ ನಿಂತಿದೆ. ಆ ಹಳ್ಳವೇ ಹರಿದು ಬಂದು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಶತಮಾನಗಳ ಕಾಲ ಒಂದು ಕೆರೆ ಉಳಿಯುವುದು ಕಟ್ಟಿದವರ ಹೆಸರಿನಿಂದಲ್ಲ. ಏರಿಯ ಬಿರುಕನ್ನು ಮುಚ್ಚಿದ, ತೂಬನ್ನು ಕಾಯ್ದ, ಹೂಳನ್ನು ಎತ್ತಿದ ಹೆಸರಿಲ್ಲದ ಕೈಗಳಿಂದ ಅದು ಉಳಿಯುತ್ತದೆ. ‘ಸುಸ್ಥಿರ’ ಎಂಬ ಶಬ್ದದ ಅರ್ಥವನ್ನು ಶಬ್ದಕೋಶಕ್ಕಿಂತ ಚೆನ್ನಾಗಿ ಆ ಏರಿ ಹೇಳುತ್ತದೆ.

ನಮ್ಮ ಭದ್ರಾ ನಾಲೆಯ ಅಚ್ಚುಕಟ್ಟಿಗೂ ಇದೇ ಅಳತೆಗೋಲು. ನಾಲೆಯ ಮೇಲ್ಭಾಗದವರು ಬೇಕಾದಷ್ಟಕ್ಕಿಂತ ಹೆಚ್ಚು ನೀರನ್ನು ತಿರುಗಿಸಿಕೊಂಡರೆ ಕೊನೆಯ ಭಾಗದ ಗದ್ದೆಗಳು ಒಣಗುತ್ತವೆ. ಹರಿಹರ ದಾವಣಗೆರೆಗಳ ಕೊನೆಭಾಗದ ರೈತರು ಈ ಸಂಕಟವನ್ನು ಬಲ್ಲರು. ಮೇಲಿನ ತೂಬಿನಲ್ಲಿ ನಿಂತವನಿಗೆ ಹೆಚ್ಚಿನ ನೀರು ಅನಾಯಾಸವಾಗಿ ದೊರೆಯುತ್ತದೆ, ಮಾರಯ್ಯನಿಗೆ ಹೆಚ್ಚಿನ ಅಕ್ಕಿ ದೊರೆತಂತೆ. ಹಾಗೆ ಬಂದುದನ್ನು ಬೇಡವೆನ್ನುವ ಲಕ್ಕಮ್ಮ ಮನೆಯಲ್ಲಿದ್ದಾಳೆಯೇ ಎಂಬುದೇ ಪ್ರಶ್ನೆ.

ಹೀಗೆ ನೋಡಿದಾಗ ಶರಣರು ಸುಸ್ಥಿರ ಅಭಿವೃದ್ಧಿಯನ್ನು ಮೊದಲೇ ಹೇಳಿದ್ದರೆಂದು ಹೆಮ್ಮೆಪಡುವುದಕ್ಕೆ ಹೆಚ್ಚಿನ ಆಸ್ಪದ ಉಳಿಯುವುದಿಲ್ಲ. ಅವರು ಹೇಳಿದುದು ಅದಕ್ಕಿಂತ ಕಠಿನವಾದುದು. ಆಯೋಗಗಳು ಮಿತಿಯನ್ನು ರಾಷ್ಟ್ರಗಳಿಗೆ ವಿಧಿಸುತ್ತವೆ. ಲಕ್ಕಮ್ಮ ಅದನ್ನು ಉಡಿಯಲ್ಲಿದ್ದ ಅಕ್ಕಿಗೆ ವಿಧಿಸಿದಳು. ಕಾನೂನು ಮತ್ತು ಒಪ್ಪಂದಗಳು ಅವಶ್ಯವೇ. ಆದರೆ ಅವುಗಳನ್ನು ಪಾಲಿಸುವ ಮನಸ್ಸು ಮನೆಯಲ್ಲಿ ಸಿದ್ಧವಾಗಬೇಕು. ವಚನವನ್ನು ಓದುವವರು, ಅದರಲ್ಲಿಯೂ ಅದನ್ನು ವೇದಿಕೆಯಲ್ಲಿ ವ್ಯಾಖ್ಯಾನಿಸುವ ನನ್ನಂಥವರು, ಪ್ರಶಂಸೆಗೆ ಮುನ್ನ ತಮ್ಮ ಉಡಿಯನ್ನು ಒಮ್ಮೆ ಬಿಚ್ಚಿ ನೋಡಿಕೊಳ್ಳುವುದು ಲೇಸು. ಅಂದು ಪ್ರಶ್ನೆ ಕೇಳಿದ ಹುಡುಗನು ಈಗ ಎಲ್ಲಿರುವನೋ ಅರಿಯೆ. ತಡವಾದರೂ ಇದೇ ಅವನಿಗೆ ನಾನು ಕೊಡಬೇಕಾಗಿದ್ದ ಉತ್ತರ.